ಮುಂಬಯಿಯ ರಾಕ್ ಸಂಗೀತವೂ ಅದರ ವಿಮರ್ಶಕರೂ

ರಾಜ್ಯೋತ್ಸವದ ಸಂಚಿಕೆಯೆಂದರೆ ಹಲ್ಮಿಡಿಯ ಶಾಸನ, ಬಾದಾಮಿಯ ಚಾಲುಕ್ಯರು, ಏಕೀಕರಣದ ಹೋರಾಟ, ಯಕ್ಷಗಾನದ ಹಿರಿಮೆ, ಇಂಥ ವಿಷಯಗಳ ಮೇಲಿನ ಲೇಖನಗಳನ್ನು ನಿರೀಕ್ಷಿಸುವುದು ನಮ್ಮ ವಾಚಕರ ರೂಢಿ. ಅದು ಯೋಗ್ಯವಾದ ರೂಢಿಯೇ. ಆದರೆ ನಮ್ಮ ಭಾಂಡುಪಿನ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹಿರಿಯರಿಗೂ ಕಿರಿಯರಿಗೂ ನಡುವೆ ಎದ್ದಿರುವ ಒಂದು ಸಣ್ಣ ಗೋಡೆಯನ್ನು ಕುರಿತು ಯಾರೂ ಬರೆದಂತೆ ಕಾಣದು. ತಂದೆ ಭೀಮಸೇನ ಜೋಶಿಯವರ ಅಭಂಗವನ್ನೋ ಪಿ. ಕಾಳಿಂಗರಾಯರ ಹಾಡನ್ನೋ ಹಾಕಿಕೊಂಡು ಕೂತಿರುತ್ತಾರೆ. ಮಗ ಒಳಕೋಣೆಯಲ್ಲಿ ಗಿಟಾರಿನ ಕರ್ಕಶನಾದಕ್ಕೆ ತಲೆದೂಗುತ್ತಿರುತ್ತಾನೆ. ‘ಅದೇನು ಗದ್ದಲವೋ ಮಾರಾಯಾ!’ ಎಂಬಲ್ಲಿಗೆ ತಂದೆಯ ವಿಮರ್ಶೆ ಮುಗಿಯುತ್ತದೆ. ‘ನಿಮಗೆ ತಿಳಿಯುವುದಿಲ್ಲ ಅಪ್ಪಾ’ ಎಂಬಲ್ಲಿಗೆ ಮಗನ ಉತ್ತರವೂ ಮುಗಿಯುತ್ತದೆ. ಈ ಎರಡು ವಾಕ್ಯಗಳ ನಡುವೆ ಅರುವತ್ತು ವರ್ಷಗಳ ಇತಿಹಾಸವೊಂದು ಬಿದ್ದುಕೊಂಡಿದೆ. ಅದು ಬಹುಮಟ್ಟಿಗೆ ನಮ್ಮ ಈ ನಗರದಲ್ಲಿಯೇ ನಡೆದದ್ದು. ಅದರಲ್ಲಿ ನಮ್ಮ ಕರಾವಳಿಯ ಊರುಗಳ ಹೆಸರುಗಳೂ ಬರುತ್ತವೆ.

ಮೊದಲು ಒಂದು ಮಾತು. ರಾಕ್ ಎಂಬುದು ವಿದೇಶದಿಂದ ಬಂದ ಸಂಗೀತ ಎಂಬುದರಲ್ಲಿ ಸಂದೇಹವಿಲ್ಲ. ಹಾರ್ಮೋನಿಯಮ್ಮೂ ಪಿಟೀಲೂ ಹಾಗೆಯೇ ಬಂದವು. ಇಂದು ಹಾರ್ಮೋನಿಯಂ ಇಲ್ಲದ ಕಂಪನಿ ನಾಟಕವನ್ನಾಗಲಿ, ಪಿಟೀಲಿಲ್ಲದ ಕಚೇರಿಯನ್ನಾಗಲಿ ಯಾರು ಊಹಿಸಬಲ್ಲರು? ಆದ್ದರಿಂದ ಬಂದ ದಾರಿಯನ್ನು ಕೇಳುವುದಕ್ಕಿಂತ, ಬಂದಮೇಲೆ ಇಲ್ಲಿ ಏನಾಯಿತೆಂದು ಕೇಳುವುದು ಲೇಸು.

ಮುಂಬಯಿಗೆ ಪಾಶ್ಚಾತ್ಯ ಲಘುಸಂಗೀತದ ರುಚಿ ಹತ್ತಿದ್ದು ಜಾಜ್ ಮೂಲಕ. 1930ರ ದಶಕದಲ್ಲಿ ತಾಜಮಹಲ್ ಹೋಟೆಲಿನಲ್ಲಿ ಅಮೆರಿಕದ ನೀಗ್ರೋ ವಾದಕರು, ಲಿಯಾನ್ ಅಬ್ಬೆ, ಟೆಡ್ಡಿ ವೆದರ್‌ಫರ್ಡ್ ಮುಂತಾದವರು, ನುಡಿಸುತ್ತಿದ್ದರು. ಅವರ ಕೈಕೆಳಗೆ ಕಲಿತ ಗೋವೆಯ ವಾದಕರು ಮುಂದೆ ಹಿಂದಿ ಸಿನೆಮಾದ ವಾದ್ಯವೃಂದಗಳನ್ನು ತುಂಬಿದರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದು: 1950ರ ದಶಕದ ಆರಂಭದಲ್ಲಿ ನಿರಂಜನ ಝವೇರಿ ಮೊದಲಾದ ಕೆಲವರು ಸೇರಿ ಇದೇ ನಗರದಿಂದ ‘ಬ್ಲೂ ರಿದಮ್’ ಎಂಬ ಜಾಜ್ ಪತ್ರಿಕೆಯನ್ನು ಹೊರಡಿಸಿದರು. ನುಡಿಸುವವರಿದ್ದರೆ ಸಾಲದು, ಕೇಳಿ ಬರೆಯುವವರೂ ಬೇಕು ಎಂಬ ಅರಿವು ಅಷ್ಟು ಹಿಂದೆಯೇ ಇಲ್ಲಿತ್ತೆಂಬುದಕ್ಕೆ ಅದು ಸಾಕ್ಷಿ. ಝವೇರಿಯವರೇ 1978ರಲ್ಲಿ ಧೋಬಿತಲಾವಿನ ರಂಗಭವನದಲ್ಲಿ ‘ಜಾಜ್ ಯಾತ್ರಾ’ ಉತ್ಸವವನ್ನು ಆರಂಭಿಸಿದರು. ರಂಗಭವನದ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಅದು ಮುಂದೆಯೂ ಬರಲಿದೆ.

ಆ ಕಾಲದ ತರುಣರಿಗೆ ಹೊಸ ಹಾಡು ಕೇಳಲು ಸಿಗುತ್ತಿದ್ದುದೇ ಕಷ್ಟ. 1952ರಲ್ಲಿ ಸಚಿವರಾಗಿ ಬಂದ ಬಿ. ವಿ. ಕೇಸ್ಕರರು ಆಕಾಶವಾಣಿಯಿಂದ ಸಿನೆಮಾ ಹಾಡುಗಳನ್ನೇ ಹೊರಗಟ್ಟಲು ನೋಡಿದವರು. ಇನ್ನು ಗಿಟಾರಿನ ಮಾತೆಲ್ಲಿ? ಜನ ರೇಡಿಯೊ ಸಿಲೋನಿನ ಕಡೆಗೆ ಮುಳ್ಳು ತಿರುಗಿಸಿದರು. ಅಲ್ಲಿಂದ ಬಿನಾಕಾ ಗೀತಮಾಲೆಯೂ ಬಂತು, ಇಂಗ್ಲಿಷ್ ಹಾಡುಗಳೂ ಬಂದವು. ಗ್ರಾಮಫೋನ್ ತಟ್ಟೆಗಳ ವ್ಯಾಪಾರವಂತೂ ಕಲ್ಕತ್ತದ ಡಂಡಂ ಕಾರ್ಖಾನೆಯ ಒಂದೇ ಕಂಪನಿಯ ಮುಷ್ಟಿಯಲ್ಲಿತ್ತು. ಪಾಲಿಡಾರ್ ಎಂಬ ಪ್ರತಿಸ್ಪರ್ಧಿ ಬಂದದ್ದು 1970ರ ಹೊತ್ತಿಗೆ. ‘ಸ್ವತಂತ್ರ ಸಂಗೀತ’ ಎಂದು ಇಂದು ನಮ್ಮ ಮಕ್ಕಳು ಹೇಳುತ್ತಾರಲ್ಲ, ಆ ಮಾತಿನ ತೂಕ ತಿಳಿಯಬೇಕಾದರೆ ಈ ಹಿನ್ನೆಲೆ ಬೇಕು. ಸಿನೆಮಾಕ್ಕೆ ಸೇರದ, ದೊಡ್ಡ ಕಂಪನಿಯ ಅಪ್ಪಣೆಗೆ ಕಾಯದ, ಹಾಡುವವರು ತಾವೇ ಕಟ್ಟಿದ ಹಾಡು ಎಂದು ಅದರ ಅರ್ಥ. ಸ್ವಾತಂತ್ರ್ಯವೆಂದರೆ ಬಹುಮಟ್ಟಿಗೆ ಕೈಯಿಂದ ಖರ್ಚು ಎಂತಲೂ ಅರ್ಥ; ಸಣ್ಣ ಪತ್ರಿಕೆ ನಡೆಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1960ರ ದಶಕದಲ್ಲಿ ಬೀಟಲ್ಸರ ಗಾಳಿ ಬೀಸಿ, ಮುಂಬಯಿಯಲ್ಲಿ ಜೆಟ್ಸ್, ಸ್ಯಾವೇಜಸ್, ಮಿಸ್ಟಿಕ್ಸ್ ಮೊದಲಾದ ತಂಡಗಳು ಹುಟ್ಟಿಕೊಂಡವು. ಸಿಗರೇಟು ಕಂಪನಿಯೊಂದು ತನ್ನ ಸಿಮ್ಲಾ ಎಂಬ ಸರಕಿನ ಪ್ರಚಾರಕ್ಕಾಗಿ ‘ಸಿಮ್ಲಾ ಬೀಟ್’ ಸ್ಪರ್ಧೆಯನ್ನು ನಡೆಸಿತು. ಮುಂಬಯಿಯಲ್ಲಿ ಅದು ನಡೆದದ್ದು ಕಿಂಗ್ಸ್ ಸರ್ಕಲ್ಲಿನ ಷಣ್ಮುಖಾನಂದ ಸಭಾಗೃಹದಲ್ಲಿ! ಸುಬ್ಬುಲಕ್ಷ್ಮಿಯವರ ಕಚೇರಿಗೆ ನಮ್ಮ ಹಿರಿಯರು ಸಾಲುಗಟ್ಟಿ ನಿಂತ ಅದೇ ಸಭಾಗೃಹ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಿಂದ ನಡೆದುಹೋಗುವಷ್ಟು ಹತ್ತಿರ. ದೇಶದ ನಾನಾ ಊರುಗಳಿಂದ, ಶಿಲ್ಲಾಂಗಿನಿಂದ ಸಹ, ಹುಡುಗರು ಬಂದು ಸೆಣಸಿದರು. 1970 ಮತ್ತು 1971ರ ಸ್ಪರ್ಧೆಗಳ ಹಾಡುಗಳು ಎರಡು ತಟ್ಟೆಗಳಾಗಿ ಹೊರಬಂದವು. ಇಂಥ ತಟ್ಟೆಗಳನ್ನೂ ತಂಡಗಳನ್ನೂ ಕುರಿತು ಗಂಭೀರವಾಗಿಯಲ್ಲದಿದ್ದರೂ ಲವಲವಿಕೆಯಿಂದ ಬರೆದ ಪತ್ರಿಕೆ ಕಲ್ಕತ್ತದ ‘ಜೂನಿಯರ್ ಸ್ಟೇಟ್ಸ್‌ಮನ್’. 1967ರಲ್ಲಿ ಡೆಸ್ಮಂಡ್ ಡೋಯಿಗ್ ಅವರ ಸಂಪಾದಕತ್ವದಲ್ಲಿ ಆರಂಭವಾಗಿ 1977ರಲ್ಲಿ ನಿಂತುಹೋಯಿತು. 1972ರಲ್ಲಿ ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟರು ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಚಿಕ್ಕ ಡಿಸ್ಕೊಥೆಕ್ಕಿನಲ್ಲಿ ಏಕಾಏಕಿ ನುಡಿಸಿದರು. ಆ ಕಥೆಯನ್ನು ಹೇಳುವವರು ಈಗಲೂ ಇದ್ದಾರೆ. ಎಲ್ಲರೂ ಅಂದು ಅಲ್ಲಿದ್ದವರೇ ಆಗಿದ್ದರೆ ಆ ಕೋಣೆ ಬ್ರೇಬೋರ್ನ್ ಸ್ಟೇಡಿಯಮ್ಮಿನಷ್ಟು ದೊಡ್ಡದಿರಬೇಕಿತ್ತು.

ವಿಮರ್ಶೆಯಿಲ್ಲದ ಕಲೆಗೆ ಏನು ಗತಿಯಾಗುತ್ತದೆಂಬುದಕ್ಕೆ ಇದೇ ಕಾಲದ ಅಟಾಮಿಕ್ ಫಾರೆಸ್ಟ್ ಎಂಬ ಮುಂಬಯಿ ತಂಡವೇ ನಿದರ್ಶನ. ‘ಒಬ್ಸೆಶನ್ ’77’ ಎಂಬ ಅವರ ತಟ್ಟೆ ತನ್ನ ಕಾಲದಲ್ಲಿ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಯಿತು. ದಶಕಗಳ ಬಳಿಕ ಹೊರದೇಶದ ಸಂಗ್ರಾಹಕರು ಅದನ್ನು ಹುಡುಕಿ ತೆಗೆದರು. 2011ರಲ್ಲಿ ಅಮೆರಿಕದ ನೌ-ಅಗೇನ್ ಎಂಬ ಸಂಸ್ಥೆ ಅವರ ಹಾಡುಗಳನ್ನು ಮರಳಿ ಪ್ರಕಟಿಸಿತು. ನಮ್ಮ ಮನೆಯಂಗಳದ ವಸ್ತುವಿಗೆ ಬೆಲೆ ಕಟ್ಟಲು ಲಾಸ್ ಏಂಜಲಿಸಿನಿಂದ ಜನ ಬರಬೇಕಾಯಿತು. ಕಲ್ಕತ್ತದಲ್ಲಿ ಹಾಗಾಗಲಿಲ್ಲ ಎನ್ನಬಹುದು. ಅಲ್ಲಿನ ‘ಮೊಹೀನೇರ್ ಘೋಡಾಗುಲಿ’ ತಂಡ 1977ರಲ್ಲಿ ತನ್ನ ಮೊದಲ ತಟ್ಟೆಯನ್ನು ಬಂಗಾಳಿಯಲ್ಲಿಯೇ ಹೊರತಂದಿತು. ಆಗ ಹೆಚ್ಚು ಜನ ಕೇಳದಿದ್ದರೂ, ಅದು ತಮ್ಮ ಭಾಷೆಯ ಸೊತ್ತೆಂಬ ಕಾರಣಕ್ಕೆ ಮುಂದಿನ ತಲೆಮಾರು ಅದನ್ನು ಎತ್ತಿಕೊಂಡಿತು. ಮುಂಬಯಿಯ ತಂಡಗಳು ಹಾಡಿದ್ದು ಇಂಗ್ಲಿಷಿನಲ್ಲಿ. ಎತ್ತಿಕೊಳ್ಳುವ ಮನೆ ಯಾವುದೆಂದು ಯಾರಿಗೂ ತಿಳಿಯಲಿಲ್ಲ. (ಕನ್ನಡದಲ್ಲಿ ಆಗ ಏನಿತ್ತೆಂದು ಕೇಳಿದರೆ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜ್‌ಕುಮಾರರು ಹಾಡಿದ ಇಂಗ್ಲಿಷ್ ಹಾಡನ್ನು ನೆನೆಯಬೇಕು. ಕನ್ನಡಿಗರು ಇಂಗ್ಲಿಷಿನಲ್ಲಿ ಹಾಡಿದ್ದಕ್ಕೆ ಅದರಷ್ಟು ಜನಪ್ರಿಯತೆ ಇನ್ನಾವುದಕ್ಕೂ ಬಂದಿಲ್ಲ.)

ಈಗ ರಂಗಭವನಕ್ಕೆ ಬರೋಣ. 1986ರಲ್ಲಿ ಫರ್ಹಾದ್ ವಾಡಿಯಾ ಎಂಬವರು ಅಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ಎಂಬ ಉತ್ಸವವನ್ನು ಆರಂಭಿಸಿದರು. ಭಾಂಡುಪಿನಲ್ಲಿ ಸ್ಲೋ ಗಾಡಿ ಹತ್ತಿ ವಿ.ಟಿ.ಯಲ್ಲಿಳಿದು ಹತ್ತು ನಿಮಿಷ ನಡೆದರೆ ರಂಗಭವನ. ಬಯಲು ರಂಗಮಂದಿರ, ಮಳೆಗಾಲದ ಕೆಸರು, ಕಲ್ಲಿನ ಮೆಟ್ಟಿಲುಗಳ ಮೇಲೆ ಉಪನಗರಗಳಿಂದ ಬಂದ ಕಪ್ಪಂಗಿಯ ಹುಡುಗರು. ಟಯರು ಕಾರ್ಖಾನೆಯ ಪಾಳಿ ಮುಗಿಸಿ ಬಂದ ತಂದೆಗೆ ಮಗ ಎಲ್ಲಿಗೆ ಹೋಗಿದ್ದಾನೆಂದು ತಾಯಿ ಹೇಳದೆ ಮುಚ್ಚಿಟ್ಟ ದಿನಗಳು ಅವು. ಆಗಿನ ವಿಮರ್ಶೆ ಅಲ್ಲಿಯೇ, ಆ ಕ್ಷಣವೇ ನಡೆಯುತ್ತಿತ್ತು. ಹೆಸರಾಂತ ವಿದೇಶೀ ಹಾಡನ್ನು ಚೆನ್ನಾಗಿ ನುಡಿಸಿದರೆ ಜೈಕಾರ; ಸ್ವಂತ ಹಾಡೆಂದರೆ ಕೂಗಿ ಕೆಳಗಿಳಿಸುವರು. ಹೊಸ ಪ್ರಸಂಗ ಕಟ್ಟಿ ತಂದ ಮೇಳಕ್ಕೆ ‘ಕರ್ಣಾರ್ಜುನವನ್ನೇ ಆಡಿ’ ಎಂದು ಸಭೆ ಕೂಗಿದರೆ ಹೇಗೋ ಹಾಗೆ.

ಈ ಒತ್ತಡವನ್ನು ಮುರಿದವರು ರಾಕ್ ಮೆಷೀನ್ ತಂಡದವರು. 1984ರಲ್ಲಿ ಹುಟ್ಟಿದ ಈ ತಂಡ 1988ರಲ್ಲಿ ಸ್ವಂತ ಹಾಡುಗಳ ‘ರಾಕ್ ಎನ್ ರೋಲ್ ರೆನೆಗೇಡ್’ ಧ್ವನಿಮುದ್ರಿಕೆಯನ್ನು ತಂದಿತು. 1990ರಲ್ಲಿ ಎರಡನೆಯದು ಬಂತು. ಅದರ ಗಾಯಕ ಉದಯ ಬೆನಗಲ್. ಬೆನಗಲ್ ಎಂಬುದು ಉಡುಪಿಯ ಕಡೆಯ ಊರಿನ ಹೆಸರು ಎಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. 1993ರಲ್ಲಿ ತಂಡ ‘ಇಂಡಸ್ ಕ್ರೀಡ್’ ಎಂದು ಹೆಸರು ಬದಲಿಸಿಕೊಂಡು, ತಬಲಾ ಮೊದಲಾದ ದೇಶೀ ನಾದಗಳತ್ತ ಹೊರಳಿತು. 1997ರಲ್ಲಿ ಚದುರಿ, 2010ರಲ್ಲಿ ಮತ್ತೆ ಕೂಡಿ, 2012ರಲ್ಲಿ ‘ಇವಾಲ್ವ್’ ಎಂಬ ಮುದ್ರಿಕೆಯನ್ನು ಕೊಟ್ಟಿತು. ನನ್ನ ಕಿವಿಗೆ ಅವರ ಮೊದಲಿನ ಹಾಡುಗಳಲ್ಲಿ ಅನುಕರಣೆ ಇನ್ನೂ ಢಾಳಾಗಿ ಕೇಳಿಸುತ್ತದೆ. ಆದರೆ ಸ್ವಂತ ಹಾಡು ಹಾಡುವ ಹಕ್ಕನ್ನು ಗಳಿಸಿಕೊಟ್ಟ ಋಣ ದೊಡ್ಡದು.

ನಮ್ಮ ಭಾಂಡುಪಿನ ಹುಡುಗರಿಗೆ ಇನ್ನೂ ಹತ್ತಿರದ ಅಂಗಳವೊಂದಿತ್ತು: ಪವಾಯಿಯ ಐ.ಐ.ಟಿ. 1971ರಲ್ಲಿ ಆರಂಭವಾದ ಅಲ್ಲಿನ ‘ಮೂಡ್ ಇಂಡಿಗೊ’ ಉತ್ಸವದ ‘ಲೈವ್‌ವೈರ್’ ಸ್ಪರ್ಧೆ ಎಷ್ಟೋ ತಂಡಗಳಿಗೆ ಮೊದಲ ಪರೀಕ್ಷೆ. ಇಂಗ್ಲೆಂಡಿನ ಪೋರ್ಕ್ಯುಪೈನ್ ಟ್ರೀ ತಂಡ 2009ರಲ್ಲಿ ಅಲ್ಲಿಗೆ ಬಂದಾಗ ಕಾಂಜೂರಮಾರ್ಗದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲವೆಂದರೆ ನಂಬಬಹುದು.

ಲಿಖಿತ ವಿಮರ್ಶೆಗೆ ನೆಲೆ ಕೊಟ್ಟದ್ದು ಮುಂಬಯಿಯಲ್ಲ, ಅಲಹಾಬಾದು. ಅಲ್ಲಿಂದ 1993ರಲ್ಲಿ ಅಮಿತ್ ಸೈಗಲ್ ಎಂಬ ತರುಣ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯನ್ನು ಆರಂಭಿಸಿದರು. ಬೆಂಗಳೂರಿನ ಹುಡುಗರು ಮುಂಬಯಿಯ ತಂಡದ ಕ್ಯಾಸೆಟ್ಟಿನ ಬಗ್ಗೆ, ಮುಂಬಯಿಯವರು ಶಿಲ್ಲಾಂಗಿನವರ ಬಗ್ಗೆ ಓದಿ ತಿಳಿದದ್ದು ಈ ಪತ್ರಿಕೆಯಿಂದ. ಪತ್ರಿಕೆಯ ಜೊತೆಗೇ ಸ್ವಂತ ಹಾಡುಗಳ ಸಂಕಲನ ಕ್ಯಾಸೆಟ್ಟುಗಳೂ ಬಂದವು. 1997ರಿಂದ ‘ಗ್ರೇಟ್ ಇಂಡಿಯನ್ ರಾಕ್’ ಉತ್ಸವವೂ ನಡೆಯಿತು. ಸೈಗಲ್ 2012ರ ಜನವರಿಯಲ್ಲಿ ಗೋವೆಯ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಒಂದು ಇಡೀ ಸಂಗೀತಕ್ಕೆ ಅಂಚೆಯವನಂತೆ ದುಡಿದ ಆ ಮನುಷ್ಯನ ಹೆಸರು ನಮ್ಮ ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಸಲ ಅಚ್ಚಾಗಿದೆ? 2008ರಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಮುಂಬಯಿಯಿಂದ ಭಾರತೀಯ ಆವೃತ್ತಿಯನ್ನು ಹೊರಡಿಸಿದಾಗ, ಉಪನಗರದ ಹುಡುಗರ ಮುದ್ರಿಕೆಗಳಿಗೂ ಹೊಳಪು ಕಾಗದದ ಮೇಲೆ ವಿಮರ್ಶೆ ಬರತೊಡಗಿತು.

ಇನ್ನು ಒಳಕೋಣೆಯ ಆ ಗದ್ದಲದ ವಿಷಯ. ಮಕ್ಕಳನ್ನು ಕೇಳಿದರೆ ‘ಪೋಸ್ಟ್-ಹಾರ್ಡ್‌ಕೋರ್’ ಎನ್ನುತ್ತಾರೆ. ಇದು ಹುಟ್ಟಿದ್ದು ವಾಷಿಂಗ್ಟನ್ ನಗರದಲ್ಲಿ, 1980ರ ದಶಕದ ನಡುವಿನಲ್ಲಿ. ಅದಕ್ಕೂ ಮುಂಚೆ ಹಾರ್ಡ್‌ಕೋರ್ ಎಂಬುದಿತ್ತು: ಒಂದೆರಡು ನಿಮಿಷದ ಹಾಡು, ಅತಿವೇಗದ ಲಯ, ಬರಿಯ ಸಿಟ್ಟು. ಅದೇ ಹುಡುಗರು ಸ್ವಲ್ಪ ಬೆಳೆದಮೇಲೆ, ಸಿಟ್ಟಿನ ಜೊತೆಗೆ ದುಃಖ, ಸಂದೇಹ, ಮೌನಗಳೂ ಹಾಡಿನಲ್ಲಿ ಬರಲೆಂದು ಆ ಚೌಕಟ್ಟನ್ನು ಮುರಿದರು. 1985ರ ರೈಟ್ಸ್ ಆಫ್ ಸ್ಪ್ರಿಂಗ್, ಆ ಬಳಿಕ ಫುಗಾಜಿ ಎಂಬ ತಂಡಗಳು ಇದರ ಮೂಲಪುರುಷರು. ಫುಗಾಜಿಯ ಇಯಾನ್ ಮೆಕೈ 1980ರಲ್ಲಿಯೇ ಗೆಳೆಯನೊಡನೆ ಡಿಸ್ಕಾರ್ಡ್ ಎಂಬ ಸ್ವಂತ ಸಂಸ್ಥೆ ಕಟ್ಟಿದ್ದ. ಟಿಕೀಟು ಐದು ಡಾಲರಿಗೆ ಮೀರಬಾರದೆಂದು ಹಟ ಹಿಡಿದವರು ಇವರು. ಸ್ಯಾನ್‌ಫ್ರಾನ್ಸಿಸ್ಕೋದಿಂದ 1982ರಲ್ಲಿ ಆರಂಭವಾದ ‘ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್’ ಪತ್ರಿಕೆ ಇಂಥ ಮುದ್ರಿಕೆಗಳನ್ನು ನೂರುಗಟ್ಟಲೆ, ನಾಲ್ಕೈದು ಸಾಲುಗಳಲ್ಲಿ, ಮುಲಾಜಿಲ್ಲದೆ ವಿಮರ್ಶಿಸಿತು. ನಮ್ಮ ಹಳೆಯ ಮಾಸಪತ್ರಿಕೆಗಳ ‘ಸಾದರ ಸ್ವೀಕಾರ’ದ ಪುಟಕ್ಕೆ ನಾಲಗೆ ಹರಿತವಾಗಿದ್ದರೆ ಹೇಗೋ ಹಾಗೆ.

ಕನ್ನಡಿಗರಿಗೆ ಇದು ಅಪರಿಚಿತವಾದ ಚರಿತ್ರೆಯಲ್ಲ. 1954ರಲ್ಲಿ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಬಂದಾಗ ಇದು ಕಾವ್ಯವೇ ಅಲ್ಲ, ಗದ್ದಲ ಎಂದವರಿದ್ದರು. ಹಳೆಯ ಛಂದಸ್ಸಿಗೆ ಹೊಂದಿಕೊಂಡ ಕಿವಿ ಹೊಸ ಲಯವನ್ನು ಮೊದಲು ಒರಟೆಂದೇ ಕೇಳುತ್ತದೆ. ಇನ್ನು ಆ ಕಿರಿಚಾಟ! ಪೋಸ್ಟ್-ಹಾರ್ಡ್‌ಕೋರಿನಲ್ಲಿ ಹಿರಿಯರನ್ನು ಅಂಜಿಸುವುದು ಅದೇ. ಆದರೆ ಬಡಗು ತೆಂಕುಗಳ ಆಟ ನೋಡಿದವರು ಈ ದೂರನ್ನು ಹೇಳಬಾರದು. ಬಣ್ಣದ ವೇಷ ಚೌಕಿಯಿಂದ ಅಬ್ಬರಿಸುತ್ತ ಬರುವಾಗ ಆ ಅಟ್ಟಹಾಸದಲ್ಲಿ ಸ್ವರಶುದ್ಧಿಯನ್ನು ಯಾರಾದರೂ ಹುಡುಕುವರೇ? ಎದೆಯಿಂದ ಬಂತೋ ಗಂಟಲಿನಿಂದ ಬಂತೋ, ಪಾತ್ರಕ್ಕೆ ಸಲ್ಲುತ್ತದೋ ಇಲ್ಲವೋ ಎಂದು ನೋಡುತ್ತೇವೆ. ಗಂಟಲು ಹರಿದುಕೊಂಡ ವೇಷಧಾರಿಯನ್ನು ‘ಬರೀ ಬೊಬ್ಬೆ’ ಎಂದು ತಳ್ಳಿಹಾಕುತ್ತೇವೆ. ಆ ಬಳಿಕ ಭಾಗವತರು ತಾಳ ನಿಲ್ಲಿಸಿ ಶೋಕದ ಪದವೆತ್ತಿದಾಗ ಅಬ್ಬರದ ಕಾರಣ ಹೊಳೆಯುತ್ತದೆ. ಈ ಸಂಗೀತವನ್ನು ಅಳೆಯುವ ಅಳತೆಗೋಲೂ ಅದೇ: ಮೆಲುದನಿಯಿಂದ ಕೂಗಿಗೆ ಏರುವ ಜಾಗ ಹಾಡಿನ ಅರ್ಥದಿಂದ ಬಂದಿದೆಯೇ, ಮುರಿದ ತಾಳ ಮತ್ತೆ ಕೂಡುವಾಗ ಕೂಡಿದ್ದು ತಿಳಿಯುತ್ತದೆಯೇ, ಮುದ್ರಣದಲ್ಲಿ ಡ್ರಮ್ಮು ಗಿಟಾರುಗಳು ಒಂದನ್ನೊಂದು ನುಂಗದೆ ಬೇರೆ ಬೇರೆಯಾಗಿ ಕೇಳುತ್ತವೆಯೇ. ಚಂಡೆಯ ಮುಂದೆ ಇರುಳೆಲ್ಲ ಕೂತ ಕಿವಿಗೆ ಇಷ್ಟು ತಿಳಿಯದೆ ಹೋಗುವುದಿಲ್ಲ.

ಈ ಅಳತೆಗೋಲಿನಿಂದ ಮುಂಬಯಿಯ ಎರಡು ತಂಡಗಳನ್ನು ನೋಡೋಣ. ಸ್ಕ್ರೈಬ್ ತಂಡ 2008ರಲ್ಲಿ ‘ಕನ್‌ಫೆಕ್ಟ್’, 2010ರಲ್ಲಿ ‘ಮಾರ್ಕ್ ಆಫ್ ತೇಜಾ’, 2014ರಲ್ಲಿ ‘ಹೇಲ್ ಮೊಗ್ಯಾಂಬೊ’ ಎಂಬ ಮುದ್ರಿಕೆಗಳನ್ನು ತಂದಿತು. ಹೆಸರುಗಳಲ್ಲೇ ಹಿಂದಿ ಸಿನೆಮಾದ ಖಳರು ಇಣುಕುತ್ತಾರೆ: ತೇಜಾ 1994ರ ‘ಅಂದಾಜ್ ಅಪ್ನಾ ಅಪ್ನಾ’ ಚಿತ್ರದವನು, ಮೊಗ್ಯಾಂಬೊ 1987ರ ‘ಮಿಸ್ಟರ್ ಇಂಡಿಯಾ’ದವನು. ವಾಷಿಂಗ್ಟನ್ನಿನ ಗಂಭೀರಮುಖದ ಸಂಗೀತಕ್ಕೆ ಮುಂಬಯಿಯ ಗಲ್ಲಿಯ ಕುಚೋದ್ಯವನ್ನು ಬೆರೆಸಿದ್ದು ಇವರ ಸ್ವಂತಿಕೆ. ಹಾಸ್ಯಗಾರನಿಲ್ಲದ ಆಟ ಬೆಳಗಿನವರೆಗೆ ನಡೆಯದೆಂಬುದನ್ನು ಅವರು ಬಲ್ಲರು. ಕೆಲವೊಮ್ಮೆ ತಮಾಷೆ ಹಾಡನ್ನೇ ತಿಂದುಹಾಕುತ್ತದೆ ಎಂದೂ ಹೇಳಬೇಕು.

ಗಾಡೆಸ್ ಗ್ಯಾಗ್ಡ್ ತಂಡದ ದಾರಿ ಬೇರೆ. 2011ರ ಅವರ ‘ರೀಸರ್ಫೇಸ್’ ಭಾರತದ ಪೋಸ್ಟ್-ಹಾರ್ಡ್‌ಕೋರಿನಲ್ಲಿ ನಿಲ್ಲುವಂಥ ಮುದ್ರಿಕೆ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕೂಗಿಗಿಂತ ಹಾಡಿಕೆಯೇ ಮುಂದು. ಎರಡು ಗಿಟಾರುಗಳು ಒಂದರ ಬೆನ್ನಿಗೊಂದು ಹೆಣೆದುಕೊಂಡು ಹೋಗುತ್ತವೆ. ಗಾಯಕನ ಹೆಸರು ಸಿದ್ಧಾರ್ಥ ಬಸ್ರೂರು. ಬಸ್ರೂರು! ಕುಂದಾಪುರದ ಬಳಿಯ ಆ ಹಳೆಯ ಬಂದರಿಗೆ 1665ರಲ್ಲಿ ಶಿವಾಜಿ ಮಹಾರಾಜರು ಹಡಗುಗಳೊಡನೆ ಬಂದು ಸೂರೆ ಮಾಡಿ ಹೋದದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆ ಊರಿನ ಹೆಸರು ಮೂರೂವರೆ ಶತಮಾನಗಳ ಬಳಿಕ ಶಿವಾಜಿಯ ಹೆಸರಿನ ನಿಲ್ದಾಣವಿರುವ ನಗರದ ರಾಕ್ ವೇದಿಕೆಯ ಮೇಲೆ ಕೇಳಿಬರುತ್ತದೆ. ಅವರ 2012ರ ‘ಚೇಸಿಂಗ್ ರೇನ್’ ಏಕಾಂಗಿ ಗಾಯನದ ಮುದ್ರಿಕೆ. ಅಬ್ಬರಕ್ಕೆ ಅಂಜುವ ಹಿರಿಯರು ಅದರಿಂದ ಆರಂಭಿಸಬಹುದು.

ಈ ತಂಡಗಳು ಬಹುಕಾಲ ಬಾಳುವುದಿಲ್ಲ. ಹಾಡಲು ಜಾಗವಿಲ್ಲದ್ದು ಒಂದು ಕಾರಣ. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರನ್ನು ಮೌನವಲಯವೆಂದು ಸಾರಲು ಅವಕಾಶ ಕೊಟ್ಟವು. ಆಸ್ಪತ್ರೆಗಳೂ ಕಾಲೇಜೂ ನೆರೆಯಲ್ಲಿದ್ದ ರಂಗಭವನದ ಬಾಗಿಲು ಕೆಲವೇ ವರ್ಷಗಳಲ್ಲಿ ಸಂಗೀತಕ್ಕೆ ಮುಚ್ಚಿತು. ರೋಗಿಗಳ ನಿದ್ದೆ ದೊಡ್ಡದೇ. ಆದರೆ ಬದಲಿ ಬಯಲು ಯಾರೂ ಕೊಡಲಿಲ್ಲ. ಲೋವರ್ ಪರೇಲಿನ ಗಿರಣಿಯ ಆವರಣದಲ್ಲಿ 2007ರಲ್ಲಿ ತೆರೆದ ಬ್ಲೂ ಫ್ರಾಗ್ 2016ರಲ್ಲಿ ಮುಚ್ಚಿತು. ನಮ್ಮವರು ನೂಲು ತೆಗೆದ ಗಿರಣಿಗಳಲ್ಲಿ ಒಂಬತ್ತು ವರ್ಷ ಗಿಟಾರು ನುಡಿಯಿತೆನ್ನುವುದಷ್ಟೇ ಉಳಿಯಿತು.

ಕನ್ನಡದ ಮಾತನ್ನು ಕೊನೆಗಿಟ್ಟೆ. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಇಂಗ್ಲಿಷಿನಲ್ಲಿ ಹಾಡಿ ಹೆಸರಾಯಿತು. ಸ್ವರಾತ್ಮ ತಂಡ 2009ರ ತನ್ನ ಮುದ್ರಿಕೆಯಲ್ಲಿ ಕನ್ನಡವನ್ನೂ ಹಾಡಿತು. ಆದರೆ ಶಿಶುನಾಳ ಶರೀಫರ ಪದಗಳು ರಾಕ್ ವಾದ್ಯಗಳ ಜೊತೆಗೆ ಜಗತ್ತಿಗೆ ಹೋದದ್ದು ನಮ್ಮ ಮುಂಬಯಿಯ ಮೂಲಕ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರಿಗೆ ವರ್ಷಗಟ್ಟಲೆ ಯಾವ ಕಂಪನಿಯೂ ಬಾಗಿಲು ತೆರೆದಿರಲಿಲ್ಲ. ಸಿನೆಮಾ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರರು ಮುಂಬಯಿಯಲ್ಲಿ ಸ್ವತಂತ್ರ ಸಂಗೀತಕ್ಕೆಂದು ಕಟ್ಟಿದ ಸಂಸ್ಥೆ 2008ರಲ್ಲಿ ಅವರ ಮೊದಲ ಮುದ್ರಿಕೆಯನ್ನು ಹೊರತಂದಿತು. 2010ರಲ್ಲಿ ಅವರು ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, ಪಂಚೆಯುಟ್ಟು ಗೆಜ್ಜೆ ಕಟ್ಟಿ, ಹಾಡಿದರು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಹೊಸಬರ ಪ್ರಶಸ್ತಿಯನ್ನು ಕೊಟ್ಟಿತು. ಪ್ರಶಸ್ತಿ ಕೊಟ್ಟದ್ದು ಒಂದು ವಿಮರ್ಶೆಯ ಪತ್ರಿಕೆ ಎಂಬುದನ್ನು ಗಮನಿಸಬೇಕು.

ಸಿ. ಅಶ್ವತ್ಥರು ಹಾಡಿದ ಶರೀಫರಿಗೂ ದೀಕ್ಷಿತರ ಶರೀಫರಿಗೂ ಇರುವ ಅಂತರವನ್ನು ಲಂಡನ್ನಿನ ವಿಮರ್ಶಕ ಹೇಳಲಾರ. ಅವನಿಗೆ ಅಶ್ವತ್ಥರು ಗೊತ್ತಿಲ್ಲ. ಹೇಳಬಲ್ಲವರು ಭಾಂಡುಪಿನ ಆ ಮನೆಯ ತಂದೆ ಮತ್ತು ಮಗ, ಇಬ್ಬರೂ ಸೇರಿ. ಅಶ್ವತ್ಥರ ಕಂಠದಲ್ಲಿ ಪದದ ಒಳಗುಟ್ಟು ಬಿಚ್ಚಿಕೊಳ್ಳುವ ನಿಧಾನವನ್ನು ತಂದೆ ತೋರಿಸಿಯಾರು. ದೀಕ್ಷಿತರಲ್ಲಿ ಲಯವೇ ಮುಂದಾಗಿ, ಅನುಭಾವ ಕುಣಿತವಾಗುವುದನ್ನು ಮಗ ತೋರಿಸಿಯಾನು. ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಪುಸ್ತಕಗಳಿಗೆ ಎರಡು ಪುಟ, ನಾಟಕಕ್ಕೆ ಒಂದು ಪುಟ, ಯಕ್ಷಗಾನಕ್ಕೆ ಬೇಕಾದಷ್ಟು ಪುಟ ಇರುತ್ತದೆ. ಮುಂದಿನ ನವೆಂಬರಿಗೆ ಧ್ವನಿಮುದ್ರಿಕೆಗಳಿಗೆಂದು ಅರ್ಧ ಪುಟ ಮೀಸಲಿಡಲು ಸಂಪಾದಕ ಮಂಡಳಿಯವರು ಒಪ್ಪಿದ್ದಾರೆ. ಅದನ್ನು ತುಂಬಲು ಹದಿಹರೆಯದವರಿಂದ ಬರಹಗಳನ್ನು ಆಗಸ್ಟ್ ತಿಂಗಳೊಳಗೆ ಕನ್ನಡದಲ್ಲಿ, ಕಾಗದದ ಒಂದೇ ಮಗ್ಗುಲಿಗೆ ಬರೆದು, ಕಳುಹಿಸಿಕೊಡಬೇಕಾಗಿ ವಿನಂತಿ.